‘ಕಾಲೇಜಿನಲ್ಲಿ ದಿನಕ್ಕೆ 5 ತಾಸು ಇದ್ದರೆ ಸಾಕು, ಉಳಿದದ್ದು ಮನೆಯಿಂದ’: ಯುಜಿಸಿ ನಿಜವಾಗಿ ಹೇಳಿದ್ದೇನು?

ಒಂದು ಸಂದರ್ಭ ಊಹಿಸಿಕೊಳ್ಳಿ. ಕುಷ್ಟಗಿ ತಾಲ್ಲೂಕಿನ ಹನುಮಸಾಗರದ ಕಡೆಯ ಹುಡುಗಿ. ಅಂಕಪಟ್ಟಿಯಲ್ಲಿ ಅಪ್ಪನ ಹೆಸರಿನ ಒಂದಕ್ಷರ ತಪ್ಪಾಗಿದೆ. ಸರಿಪಡಿಸಿಕೊಳ್ಳಲು ಬೆಳಿಗ್ಗೆ ಬಸ್ ಹಿಡಿದು, ಇನ್ನೊಂದು ಬಸ್ ಬದಲಿಸಿ, ಮಧ್ಯಾಹ್ನದ ಹೊತ್ತಿಗೆ ಒಂದು ಕಚೇರಿ ಮುಟ್ಟುತ್ತಾಳೆ. ಅಲ್ಲಿದ್ದವರು ಹೇಳುತ್ತಾರೆ: “ಸಾಹೇಬ್ರು ಇವತ್ತ ಮನಿಯಿಂದನ ಕೆಲಸ ಮಾಡಾಕತ್ತಾರವ್ವ, ಗುರುವಾರ ಬಾ.”

ಸಾಹೇಬರು ಮನೆಯಲ್ಲಿ ಕುಳಿತು ನಿಜವಾಗಿಯೂ ಕೆಲಸ ಮಾಡುತ್ತಿರಬಹುದು. ನೂರು ಉತ್ತರ ಪತ್ರಿಕೆ ತಿದ್ದುತ್ತಿರಬಹುದು, ಪೋರ್ಟಲ್‌ನಲ್ಲಿ ಅಂಕ ತುಂಬುತ್ತಿರಬಹುದು. ಆದರೆ ಆ ಹುಡುಗಿಗೆ ಇದು ಗೊತ್ತಿರಲಿಲ್ಲ. ಬಾಗಿಲ ಮೇಲೆ ಬರೆದಿರಲಿಲ್ಲ, ಯಾವ ಆದೇಶದಲ್ಲೂ ಇರಲಿಲ್ಲ. ಕೊರೊನಾ ಬಂದು ಹೋದ ಮೇಲೆ ವಿಶ್ವವಿದ್ಯಾಲಯ, ಕಾಲೇಜುಗಳಲ್ಲಿ ಮಾತಿನ ಮೇಲಷ್ಟೇ ನಡೆಯುವ ಇಂಥ ‘ಅರ್ಧ ಮನೆ, ಅರ್ಧ ಕಚೇರಿ’ ಒಪ್ಪಂದಗಳ ಬಗ್ಗೆ ವಾಟ್ಸಾಪ್‌ನಲ್ಲಿ ಎರಡು ಬಗೆಯ ಸಂದೇಶಗಳು ಓಡಾಡುತ್ತವೆ. ಒಂದು, ‘ಇದು ಯುಜಿಸಿ ಕೊಟ್ಟ ಹಕ್ಕು’ ಎನ್ನುವುದು. ಇನ್ನೊಂದು, ‘ಮೇಷ್ಟ್ರುಗಳು ಪುಕ್ಕಟೆ ಸಂಬಳ ತಿನ್ನುತ್ತಿದ್ದಾರೆ’ ಎನ್ನುವುದು. ಎರಡನ್ನೂ ಫಾರ್ವರ್ಡ್ ಮಾಡುವ ಮೊದಲು ಲೆಕ್ಕ ನೋಡೋಣ.

5 ತಾಸಿನ ಮಾತು ಎಲ್ಲಿಂದ ಬಂತು?

ಇದು ಪೂರ್ತಿ ಸುಳ್ಳಲ್ಲ, ಅದಕ್ಕೇ ಇಷ್ಟು ಚೆನ್ನಾಗಿ ಓಡುತ್ತದೆ. ಬೋಧಕರ ನೇಮಕಾತಿ ಮತ್ತು ಕನಿಷ್ಠ ಅರ್ಹತೆ ಕುರಿತು ಯುಜಿಸಿ 2018ರ ಜುಲೈನಲ್ಲಿ ಹೊರಡಿಸಿದ ನಿಯಮಾವಳಿಯಲ್ಲಿ ಕೆಲಸದ ಹೊರೆಯ ಬಗ್ಗೆ ಒಂದು ಭಾಗವಿದೆ. ಪೂರ್ಣಾವಧಿ ಬೋಧಕರ ಕೆಲಸ ವಾರಕ್ಕೆ 40 ತಾಸಿಗಿಂತ ಕಡಿಮೆ ಇರಬಾರದು, ವರ್ಷಕ್ಕೆ 30 ವಾರ, ಅಂದರೆ 180 ಬೋಧನಾ ದಿನ ಎಂದು ಅಲ್ಲಿದೆ. ಅದರ ಪಕ್ಕದಲ್ಲೇ, ಬೋಧಕರು ದಿನಕ್ಕೆ ಕನಿಷ್ಠ 5 ತಾಸು ಕಾಲೇಜು ಅಥವಾ ವಿಶ್ವವಿದ್ಯಾಲಯದಲ್ಲಿ ಲಭ್ಯವಿರಬೇಕು ಎಂದೂ ಇದೆ.

ಫಾರ್ವರ್ಡ್ ಮಾಡುವವರು ಇದರಲ್ಲಿ ‘ಕನಿಷ್ಠ’ ಎಂಬ ಪದವನ್ನೂ 40 ತಾಸನ್ನೂ ಬಿಟ್ಟು 5 ಎಂಬ ಸಂಖ್ಯೆಯನ್ನು ಮಾತ್ರ ಎತ್ತಿಕೊಳ್ಳುತ್ತಾರೆ.

180 ದಿನವನ್ನು 30 ವಾರಕ್ಕೆ ಭಾಗಿಸಿದರೆ ವಾರಕ್ಕೆ 6 ದಿನ ಬರುತ್ತದೆ. ದಿನಕ್ಕೆ 5 ತಾಸಿನಂತೆ 6 ದಿನಕ್ಕೆ 30 ತಾಸು. ಕೆಲಸ ಇರುವುದು 40 ತಾಸಿನದು. ಹಾಗಾದರೆ ಉಳಿದ 10 ತಾಸು ಎಲ್ಲಿ ಮಾಡಬೇಕು? ನಿಯಮದ ಆ ಭಾಗ ಇದನ್ನು ಬಿಡಿಸಿ ಹೇಳುವುದಿಲ್ಲ. ‘ಮನೆಯಿಂದ ಮಾಡಿ’ ಎಂದೂ ಇಲ್ಲ, ‘ಮನೆಯಿಂದ ಮಾಡಬೇಡಿ’ ಎಂದೂ ಇಲ್ಲ. ಮಾತಿನ ಒಪ್ಪಂದಗಳೆಲ್ಲ ಹುಟ್ಟುವುದು ಈ ಖಾಲಿ ಜಾಗದಲ್ಲಿ.

ಬೋಧಕರ ಪರವಾಗಿಯೂ ಒಂದು ಮಾತು ಹೇಳಬೇಕು. ಅದೇ ನಿಯಮದ ಪ್ರಕಾರ ಸಹಾಯಕ ಪ್ರಾಧ್ಯಾಪಕರ ನೇರ ಬೋಧನೆ ವಾರಕ್ಕೆ 16 ತಾಸು, ಸಹ ಪ್ರಾಧ್ಯಾಪಕರು ಮತ್ತು ಪ್ರಾಧ್ಯಾಪಕರದು 14 ತಾಸು. ‘16 ತಾಸಿಗೆ ಇಷ್ಟು ಸಂಬಳವೇ?’ ಎಂದು ಕೇಳುವವರು ಉಳಿದ 24 ತಾಸನ್ನು ನೋಡುವುದೇ ಇಲ್ಲ. ಪಾಠದ ತಯಾರಿ, ಮೌಲ್ಯಮಾಪನ, ಸಂಶೋಧನೆ, ನ್ಯಾಕ್ ಕಡತ, ಪ್ರವೇಶಾತಿ, ಪರೀಕ್ಷೆ ಎಲ್ಲವೂ ಅದರಲ್ಲೇ ಬರುತ್ತವೆ. ಸಂಶೋಧನೆಗೆಂದೇ ವಾರಕ್ಕೆ ಕನಿಷ್ಠ 6 ತಾಸು ಕೊಡಬೇಕಾಗಬಹುದು ಎಂದು ನಿಯಮ ಹೇಳುತ್ತದೆ. ನಾಲ್ಕು ಜನ ಒಂದೇ ಮೇಜು ಹಂಚಿಕೊಳ್ಳುವ ಸ್ಟಾಫ್ ರೂಮಿನಲ್ಲಿ ಕುಳಿತು ಸಂಶೋಧನಾ ಲೇಖನ ಬರೆಯಿರಿ ಎಂದರೆ ಯಾರಿಗೆ ಸಾಧ್ಯ?

ಬೋಧಕೇತರ ಸಿಬ್ಬಂದಿಯ ವಿಷಯ ಬೇರೆ. ಪರೀಕ್ಷಾ ವಿಭಾಗದ ಗುಮಾಸ್ತರಿಗೆ, ಲೆಕ್ಕಪತ್ರ ವಿಭಾಗದವರಿಗೆ ಈ 5 ತಾಸಿನ ಮಾತು ಅನ್ವಯಿಸುವುದೇ ಇಲ್ಲ. ಅದು ಬೋಧಕರ ನಿಯಮಾವಳಿ. ಅವರದು ಕಚೇರಿ ವೇಳೆ.

‘ಶೇ 40 ಆನ್‌ಲೈನ್’ ಅಂದರೆ ವಾರಕ್ಕೆ ಎರಡು ದಿನ ಮನೆಯೇ?

ಅಲ್ಲ. ಇದು ಇನ್ನೂ ದೊಡ್ಡ ಅಪಾರ್ಥ. 2021ರ ಮೇ ತಿಂಗಳಲ್ಲಿ ಯುಜಿಸಿ ಮಿಶ್ರ ಕಲಿಕೆಯ ಬಗ್ಗೆ ಒಂದು ಪರಿಕಲ್ಪನಾ ಟಿಪ್ಪಣಿ ಹೊರಡಿಸಿತು. ಪ್ರತಿ ಕೋರ್ಸಿನ ಶೇ 40ರವರೆಗೆ ಆನ್‌ಲೈನ್‌ನಲ್ಲಿ, ಉಳಿದ ಶೇ 60 ತರಗತಿಯಲ್ಲಿ ಕಲಿಸಬಹುದು ಎಂಬುದು ಅದರ ಸಾರ. ಆ ಶೇ 40 ಪಠ್ಯದ ಲೆಕ್ಕವೇ ಹೊರತು ನೌಕರರ ಹಾಜರಾತಿಯ ಲೆಕ್ಕವಲ್ಲ. ವಿದ್ಯಾರ್ಥಿ ಮನೆಯಲ್ಲಿ ಕುಳಿತು ವಿಡಿಯೊ ಪಾಠ ನೋಡಬಹುದು, ಪಾಠ ಹೇಳುವವರು ಕಾಲೇಜಿನ ಕೊಠಡಿಯಿಂದಲೇ ಅದನ್ನು ನಡೆಸಬಹುದು. ಶೇ 40ನ್ನು ವಾರದ ದಿನಗಳಿಗೆ ಗುಣಿಸಿ ‘ಎರಡು ದಿನ ರಜೆ’ ಎಂದು ಬರೆದವರು ಗಣಿತದಲ್ಲಿ ಪಾಸಾಗಿದ್ದಾರೆ, ಓದಿನಲ್ಲಿ ಫೇಲು.

ಕೊರೊನಾ ಕಾಲದ ಆದೇಶಗಳನ್ನು ಈಗ ತೋರಿಸುವವರೂ ಇದ್ದಾರೆ. 2020ರ ಮಾರ್ಚ್ 19ರಂದು ಕೇಂದ್ರ ಸರ್ಕಾರ ತನ್ನ ಬಿ ಮತ್ತು ಸಿ ವರ್ಗದ ನೌಕರರಲ್ಲಿ ಅರ್ಧದಷ್ಟು ಜನ ಮಾತ್ರ ಪ್ರತಿದಿನ ಕಚೇರಿಗೆ ಬರಬೇಕು, ಉಳಿದವರು ಮನೆಯಿಂದ ಕೆಲಸ ಮಾಡಬೇಕು ಎಂದು ಆದೇಶಿಸಿದ್ದು ನಿಜ. ಅದು ಆ ಹೊತ್ತಿನ ತುರ್ತು ವ್ಯವಸ್ಥೆ. ಕರ್ನಾಟಕದಲ್ಲಿ ಪದವಿ ಕಾಲೇಜುಗಳು 2020ರ ನವೆಂಬರ್ 17ರಿಂದ ಮತ್ತೆ ಬಾಗಿಲು ತೆರೆದವು. ಹಳೆಯ ಆದೇಶದ ಫೋಟೊ ಕಂಡರೆ ಮೊದಲು ದಿನಾಂಕ ನೋಡಿ, ಆಮೇಲೆ ಅದು ಯಾವ ಸರ್ಕಾರದ್ದು ಎಂದು ನೋಡಿ.

ಕೊಪ್ಪಳದಲ್ಲಿ ಈ ಪ್ರಶ್ನೆ ಯಾಕೆ ಹೆಚ್ಚು ಕಾಡುತ್ತದೆ?

ದೂರ. ಕೊಪ್ಪಳ ಜಿಲ್ಲೆಯ ಕಾಲೇಜುಗಳು ಮೊದಲು ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದವು. ಕುಷ್ಟಗಿಯ ವಿದ್ಯಾರ್ಥಿಗೆ ಬಳ್ಳಾರಿ ನೂರು ಕಿ.ಮೀ.ಗೂ ಹೆಚ್ಚು. 2023ರಲ್ಲಿ ಕೊಪ್ಪಳ ವಿಶ್ವವಿದ್ಯಾಲಯ ಕೆಲಸ ಶುರು ಮಾಡಿದಾಗ ಆ ದೂರ ಕಡಿಮೆಯಾಯಿತು. ಆದರೆ ಅದರ ನೆಲೆ ಜಿಲ್ಲಾ ಕೇಂದ್ರದಲ್ಲಲ್ಲ, ಕುಕನೂರು ತಾಲ್ಲೂಕಿನ ತಳಕಲ್‌ನಲ್ಲಿ. ಇಂಥ ಜಾಗಗಳಿಗೆ ಕೆಲಸಕ್ಕೆ ಬರುವವರ ಮನೆ ಕೊಪ್ಪಳದಲ್ಲೋ ಗಂಗಾವತಿಯಲ್ಲೋ ಗದಗದಲ್ಲೋ ಹೊಸಪೇಟೆಯಲ್ಲೋ ಇರುವುದು ಸಾಮಾನ್ಯ. ಮಕ್ಕಳ ಶಾಲೆಗಾಗಿ ಹುಬ್ಬಳ್ಳಿಯಲ್ಲಿ ಮನೆ ಮಾಡಿಕೊಂಡು ಕೊಪ್ಪಳಕ್ಕೆ ಓಡಾಡುವವರಿಗೆ ಒಂದು ಬದಿಯೇ ನೂರು ಕಿ.ಮೀ. ದಾಟುತ್ತದೆ.

ತಳಕಲ್ ಒಂದು ರೈಲು ನಿಲ್ದಾಣವೂ ಹೌದು. ಗದಗ–ವಾಡಿ ಹೊಸ ಮಾರ್ಗ ಅಲ್ಲಿಂದಲೇ ಕವಲೊಡೆಯುತ್ತದೆ. ಆ ಮಾರ್ಗದಲ್ಲಿ 2025ರ ಮೇ 15ರಂದು ಹುಬ್ಬಳ್ಳಿ–ಕುಷ್ಟಗಿ ರೈಲು ಓಡಲು ಶುರುವಾಗಿ ಕುಕನೂರು, ಯಲಬುರ್ಗಾ, ಕುಷ್ಟಗಿಗೆ ಮೊದಲ ಬಾರಿ ರೈಲು ಸಿಕ್ಕಿತು. ರೈಲು ಒಳ್ಳೆಯದೇ. ಆದರೆ ನಮ್ಮ ಕೆಲಸದ ವೇಳೆ ನೋಡಿಕೊಂಡು ಅದು ಬರುವುದಿಲ್ಲ. ಹೀಗಾಗಿ ‘ಸೋಮವಾರ, ಬುಧವಾರ, ಶುಕ್ರವಾರ ಬರ್ತೀನಿ ಸರ್, ಉಳಿದ ದಿನ ಮನಿಯಿಂದ ನೋಡ್ಕೋತೀನಿ’ ಎಂಬ ಮಾತು ಸಹಜವಾಗಿ ಹುಟ್ಟುತ್ತದೆ.

ಕೆಲಸವೂ ಈಗ ಕಾಗದದಿಂದ ಪರದೆಗೆ ಹೋಗಿದೆ. ಪ್ರವೇಶ, ಪರೀಕ್ಷಾ ಶುಲ್ಕ, ಆಂತರಿಕ ಅಂಕ ಎಲ್ಲವನ್ನೂ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ತುಂಬುವ ಪದ್ಧತಿ 2021–22ರ ಹೊತ್ತಿಗೆ ರಾಜ್ಯದಲ್ಲಿ ಬಂತು. ರಾತ್ರಿ ಹನ್ನೊಂದಕ್ಕೆ ಸರ್ವರ್ ಖಾಲಿ ಇದ್ದಾಗ ಮನೆಯಿಂದಲೇ ಅಂಕ ತುಂಬುವವರು ಎಷ್ಟೋ ಜನ. ಆ ತಾಸು ಯಾವ ಮಸ್ಟರಿನಲ್ಲೂ ಬರುವುದಿಲ್ಲ. ‘ಮನೆಯಲ್ಲಿ ಕುಳಿತು ಸಂಬಳ’ ಎಂಬ ಸಂದೇಶ ಬರೆಯುವವರು ಈ ರಾತ್ರಿಪಾಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಸ್ವಾರಸ್ಯವೆಂದರೆ, ಕೆಲಸದ ವೇಳೆಯನ್ನು ಊರಿಗೆ ತಕ್ಕಂತೆ ಬದಲಿಸುವುದು ಕೊಪ್ಪಳಕ್ಕೆ ಹೊಸದೇನಲ್ಲ. ಬೇಸಿಗೆಯ ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವುದು ಇಲ್ಲಿಯವರಿಗೆಲ್ಲ ಗೊತ್ತು. ಯಾರೂ ಇದನ್ನು ಕಳ್ಳಾಟ ಎನ್ನುವುದಿಲ್ಲ. ಯಾಕೆಂದರೆ ಅದಕ್ಕೆ ಲಿಖಿತ ಆದೇಶ ಇರುತ್ತದೆ, ಪತ್ರಿಕೆಯಲ್ಲಿ ಬರುತ್ತದೆ, ಹಳ್ಳಿಯಿಂದ ಬರುವವರು ಮುಂಚೆಯೇ ಹೊರಡುತ್ತಾರೆ.

ಮನೆಯಿಂದ ಮಾಡಿದರೆ ಕೆಲಸ ಆಗುತ್ತದೆಯೇ? ಸಂಶೋಧನೆ ಏನು ಹೇಳುತ್ತದೆ?

‘ಅಧ್ಯಯನದಿಂದ ಸಾಬೀತಾಗಿದೆ’ ಎಂದು ಎರಡೂ ಕಡೆಯವರು ಹೇಳುತ್ತಾರೆ. ಎರಡೂ ಕಡೆಗೆ ಅಧ್ಯಯನಗಳಿವೆ, ಅವು ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಟ್ಟಿವೆ ಅಷ್ಟೆ.

ಹೈಬ್ರಿಡ್ ಕೆಲಸದ ಬಗ್ಗೆ ಹೆಚ್ಚು ಮಾತಾದ ಪ್ರಯೋಗ 2024ರ ಜೂನ್‌ನಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಸ್ಟ್ಯಾನ್‌ಫರ್ಡ್‌ನ ನಿಕೊಲಸ್ ಬ್ಲೂಮ್ ಮತ್ತು ಸಂಗಡಿಗರು ಚೀನಾದ ಟ್ರಿಪ್.ಕಾಮ್ ಕಂಪನಿಯ 1,612 ನೌಕರರನ್ನು ಹುಟ್ಟಿದ ದಿನಾಂಕ ಬೆಸವೋ ಸಮವೋ ಎಂಬುದರ ಮೇಲೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಮಾಡುವ ಅವಕಾಶ, ಇನ್ನೊಂದಕ್ಕೆ ವಾರವಿಡೀ ಕಚೇರಿ. ಕೆಲಸದ ಗುಣಮಟ್ಟದಲ್ಲಿ, ಬಡ್ತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಕೆಲಸ ಬಿಟ್ಟು ಹೋಗುವವರ ಪ್ರಮಾಣ ಮೂರನೇ ಒಂದರಷ್ಟು ಇಳಿಯಿತು. ಹೆಚ್ಚು ಉಪಯೋಗವಾದದ್ದು ಮಹಿಳೆಯರಿಗೆ, ಮೇಲಧಿಕಾರಿಗಳಲ್ಲದವರಿಗೆ, ದೂರದಿಂದ ಓಡಾಡುವವರಿಗೆ. ದೂರದಿಂದ ಓಡಾಡುವವರು ಎಂದ ಕೂಡಲೇ ಗದಗ–ತಳಕಲ್ ದಾರಿ ನೆನಪಾಗದೆ ಇರುವುದಿಲ್ಲ.

ನಮ್ಮ ದೇಶದ ಪ್ರಯೋಗವೊಂದು ಬೇರೆ ಕಥೆ ಹೇಳುತ್ತದೆ. ಡೇವಿಡ್ ಅಟ್ಕಿನ್, ಆಂಟೊನೆಟ್ ಶೋರ್ ಮತ್ತು ಸುಮಿತ್ ಶಿಂದೆ ಚೆನ್ನೈನಲ್ಲಿ ಡೇಟಾ ಎಂಟ್ರಿ ಕೆಲಸಗಾರರನ್ನು ಚೀಟಿ ಎತ್ತಿದಂತೆ ಮನೆಗೋ ಕಚೇರಿಗೋ ಹಾಕಿ ನೋಡಿದರು. ಮನೆಯಿಂದ ಮಾಡಿದವರ ಉತ್ಪಾದಕತೆ ಶೇ 18ರಷ್ಟು ಕಡಿಮೆ ಇತ್ತು. ಅದರಲ್ಲಿ ಹೆಚ್ಚಿನ ಪಾಲು ಮೊದಲ ದಿನದಿಂದಲೇ ಕಂಡಿತು, ಉಳಿದದ್ದು ಕಚೇರಿಯಲ್ಲಿದ್ದವರು ಬೇಗ ಕಲಿತದ್ದರಿಂದ.

ಎರಡಕ್ಕೂ ತಾಳೆ ಹೇಗೆ? ಮೊದಲನೆಯದು ವಾರಕ್ಕೆ ಎರಡು ದಿನ ಮಾತ್ರ ಮನೆ, ಉಳಿದ ದಿನ ಎಲ್ಲರೂ ಮುಖಾಮುಖಿ. ಅದರಲ್ಲಿದ್ದವರು ಪದವೀಧರರು, ಈಗಾಗಲೇ ಕೆಲಸ ಕಲಿತವರು, ಯಾವ ದಿನ ಮನೆ ಎಂಬುದು ಎಲ್ಲರಿಗೂ ಮೊದಲೇ ಗೊತ್ತು. ಎರಡನೆಯದು ಹೊಸಬರು, ಪೂರ್ತಿ ಮನೆ. ಆದ್ದರಿಂದ ಹತ್ತು ವರ್ಷ ಪಾಠ ಮಾಡಿದ ಪ್ರಾಧ್ಯಾಪಕರು ಒಂದು ದಿನ ಮನೆಯಲ್ಲಿ ಕುಳಿತು ಪತ್ರಿಕೆ ತಿದ್ದುವುದಕ್ಕೂ, ಕಳೆದ ತಿಂಗಳು ಹೊರಗುತ್ತಿಗೆಯಲ್ಲಿ ಸೇರಿದ ಕಂಪ್ಯೂಟರ್ ಆಪರೇಟರ್ ಮನೆಯಿಂದ ಮಾಡುವುದಕ್ಕೂ ಒಂದೇ ಅಧ್ಯಯನ ತೋರಿಸಿ ವಾದ ಮಾಡಲಾಗದು. ಇನ್ನೊಂದು ಎಚ್ಚರಿಕೆ: ಇವೆರಡೂ ಕಂಪನಿ ಕೆಲಸದ ಮೇಲಿನ ಪ್ರಯೋಗಗಳು. ಕೌಂಟರ್ ಮುಂದೆ ವಿದ್ಯಾರ್ಥಿಗಳ ಸಾಲು ನಿಲ್ಲುವ ಕೆಲಸ ಅದರಲ್ಲಿಲ್ಲ.

‘ಮನೆಯಿಂದ ಅಂದರೆ ಹೆಣ್ಣುಮಕ್ಕಳಿಗೆ ಆರಾಮ’ ಎನ್ನುವ ಮಾತನ್ನೂ ಸ್ವಲ್ಪ ನಿಲ್ಲಿಸಿ ನೋಡಬೇಕು. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಗೆಲಸ ಮಾಡುವ ಮಹಿಳೆಯರು ದಿನಕ್ಕೆ ಸರಾಸರಿ 289 ನಿಮಿಷ ಸಂಬಳವಿಲ್ಲದ ಆ ಕೆಲಸಕ್ಕೆ ಕೊಟ್ಟರೆ, ಮನೆಗೆಲಸ ಮಾಡುವ ಪುರುಷರು ಕೊಟ್ಟದ್ದು 88 ನಿಮಿಷ. ಮನೆಯಲ್ಲಿ ಲ್ಯಾಪ್‌ಟಾಪ್ ತೆರೆದ ಮೇಡಂಗೆ ‘ಹೆಂಗೂ ಮನ್ಯಾಗ ಇದ್ದಿ, ಒಂದ್ ಒಗ್ಗರಣಿ ಹಾಕ್’ ಎನ್ನುವವರು ಇದ್ದೇ ಇರುತ್ತಾರೆ.

ಮಾತಿನ ಒಪ್ಪಂದದ ತೊಂದರೆ ಯಾರಿಗೆ?

ಒಬ್ಬ ನೌಕರ ತನ್ನ ಮೇಲಧಿಕಾರಿಯ ಜೊತೆ ತನಗಾಗಿಯೇ ಕುದುರಿಸಿಕೊಳ್ಳುವ ಇಂಥ ಏರ್ಪಾಡುಗಳನ್ನು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಡೆನಿಸ್ ರೂಸೋ ‘ಐ-ಡೀಲ್ಸ್’ ಎಂದು ಕರೆದು, 2005ರಲ್ಲಿ ಅದರ ಮೇಲೆ ಪುಸ್ತಕ ಬರೆದರು. ಎಲ್ಲರಿಗೂ ಗೊತ್ತಿರುವಂತೆ ನಡೆದರೆ ಇದು ಒಳ್ಳೆಯ ನೌಕರರನ್ನು ಉಳಿಸಿಕೊಳ್ಳುವ ದಾರಿ. ಗುಟ್ಟಾಗಿ ನಡೆದರೆ ಅದು ‘ಅವರವರ ಕೃಪೆ’ ಆಗುತ್ತದೆ. ವಿಭಾಗದ ಮುಖ್ಯಸ್ಥರು ಬದಲಾದ ದಿನ ಒಪ್ಪಂದವೂ ಸತ್ತುಹೋಗುತ್ತದೆ. ಹಳೆಯವರು ಒಪ್ಪಿದ್ದರು ಎಂಬುದಕ್ಕೆ ಕಾಗದ ಇಲ್ಲ, ಹೊಸಬರಿಗೆ ಅದು ಬರೀ ಅನಧಿಕೃತ ಗೈರುಹಾಜರಿ.

ಈ ಪೆಟ್ಟು ಎಲ್ಲರಿಗೂ ಸಮನಾಗಿ ಬೀಳುವುದಿಲ್ಲ. ಕಾಯಂ ಪ್ರಾಧ್ಯಾಪಕರಿಗೆ ಒಂದು ನೋಟಿಸ್ ಬರಬಹುದು. ಅತಿಥಿ ಉಪನ್ಯಾಸಕರ ಕಥೆ ಹಾಗಲ್ಲ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ 2022ರ ಜನವರಿಯಲ್ಲಿ ಸರ್ಕಾರ ಅವರ ಗೌರವಧನವನ್ನು ಅರ್ಹತೆ ಮತ್ತು ಸೇವಾವಧಿ ನೋಡಿ ತಿಂಗಳಿಗೆ 26,000ದಿಂದ 32,000 ರೂಪಾಯಿಗೆ ಏರಿಸಿತು, ಜೊತೆಗೇ ವಾರದ ಬೋಧನೆಯನ್ನು 15 ತಾಸಿಗೆ ಹೆಚ್ಚಿಸಿತು. ಅವರ ಹಣ ನಿಂತಿರುವುದೇ ತಾಸಿನ ಮೇಲೆ. ಮಳೆಗೆ ಬಸ್ ನಿಂತ ದಿನ ಗೂಗಲ್ ಮೀಟ್‌ನಲ್ಲಿ ತೆಗೆದುಕೊಂಡ ತರಗತಿ ಯಾವ ವಹಿಯಲ್ಲೂ ದಾಖಲಾಗದಿದ್ದರೆ, ನಾಳೆ ಯಾರಾದರೂ ತಕರಾರು ತೆಗೆದಾಗ ಅವರ ಕೈಯಲ್ಲಿ ಏನಿರುತ್ತದೆ? ‘ಸರ್ ಫೋನಿನಲ್ಲಿ ಆಗ್ಲಿ ಅಂದಿದ್ರು’ ಎಂಬ ಒಂದು ಮಾತು.

ಇನ್ನೊಂದು ಅಪಾಯ ಕಣ್ಣಿಗೆ ಬೀಳದ್ದು. ಕಚೇರಿಗೆ ಬಾರದ ದಿನ ಕೆಲಸ ನಿಲ್ಲಬಾರದು ಎಂದು ಲಾಗಿನ್ ಪಾಸ್‌ವರ್ಡನ್ನು ಪಕ್ಕದ ಮೇಜಿನವರಿಗೆ ಹೇಳುವುದು, ಫೋನಿನಲ್ಲಿ ಓಟಿಪಿ ಓದಿ ಹೇಳುವುದು, ಡಿಜಿಟಲ್ ಸಹಿಯ ಡಾಂಗಲ್ ಅನ್ನು ಡ್ರಾಯರಿನಲ್ಲಿ ಬಿಟ್ಟು ಹೋಗುವುದು. ಅಂಕ ಬದಲಾದರೆ ದಾಖಲೆಯಲ್ಲಿ ಇರುವುದು ನಿಮ್ಮ ಹೆಸರು. ಬೇರೆಯವರ ಪಾಸ್‌ವರ್ಡ್ ಅಥವಾ ಡಿಜಿಟಲ್ ಸಹಿಯನ್ನು ಮೋಸದಿಂದ ಬಳಸುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಡಿ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಇದೆ. ಆದರೆ ಬಳಸಿದ್ದು ನೀವಲ್ಲ ಎಂದು ತೋರಿಸುವ ತಲೆನೋವು ನಿಮ್ಮದೇ. ಬಾರದ ದಿನಕ್ಕೂ ಮಸ್ಟರಿನಲ್ಲಿ ಸಹಿ ಹಾಕುವುದಂತೂ ಹೊಂದಾಣಿಕೆಯಲ್ಲ, ಸುಳ್ಳು ದಾಖಲೆ.

ಮೊಬೈಲ್ ಹಾಜರಾತಿ ಆ್ಯಪ್ ಇಡೀ ದಿನ ಬೆನ್ನು ಹತ್ತುತ್ತದೆಯೇ?

ಈಗ ಹಲವು ಕಡೆ ಮುಖ ಗುರುತಿಸುವ, ಜಿಪಿಎಸ್ ನೋಡುವ ಹಾಜರಾತಿ ಬಂದಿದೆ. ಆ್ಯಪ್‌ನಲ್ಲಿ ಕಚೇರಿಯ ಸುತ್ತ ಒಂದು ಅದೃಶ್ಯ ವೃತ್ತ ಹಾಕಿರುತ್ತಾರೆ, ನಿಮ್ಮ ಫೋನ್ ಅದರೊಳಗಿದ್ದರೆ ಮಾತ್ರ ಹಾಜರಿ ಬೀಳುತ್ತದೆ. ಬಯಲಿನಲ್ಲಿ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ತೋರಿಸುತ್ತದೆ. ಆರ್‌ಸಿಸಿ ಕಟ್ಟಡದೊಳಗೆ ಈ ತಪ್ಪು ಹೆಚ್ಚುತ್ತದೆ. ಹೀಗಾಗಿ ಒಳಗೆ ಕುಳಿತವರಿಗೂ ‘ನೀವು ಹೊರಗಿದ್ದೀರಿ’ ಎಂದು ಬರಬಹುದು. ಅಂಗಳಕ್ಕೆ ಬಂದು ಒಂದು ನಿಮಿಷ ನಿಂತು ಮತ್ತೆ ಒತ್ತಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಇಡೀ ದಿನ ಬೆನ್ನು ಹತ್ತುತ್ತದೆಯೇ ಎಂಬುದು ನೀವು ಕೊಟ್ಟ ಅನುಮತಿಯ ಮೇಲಿದೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ನ ಲೊಕೇಶನ್ ಅನುಮತಿ ತೆರೆದು ನೋಡಿ. ‘ಆ್ಯಪ್ ಬಳಸುವಾಗ ಮಾತ್ರ’ ಎಂದಿದ್ದರೆ ಆ್ಯಪ್ ಮುಚ್ಚಿದ ಮೇಲೆ ಜಾಗ ಅದಕ್ಕೆ ಸಿಗುವುದಿಲ್ಲ. ‘ಸುಳ್ಳು ಜಿಪಿಎಸ್ ಆ್ಯಪ್ ಹಾಕ್ಕೊಳ್ಳಿ’ ಎಂಬ ಸಲಹೆಯ ಫಾರ್ವರ್ಡನ್ನು ಮಾತ್ರ ಮುಟ್ಟಬೇಡಿ. ಜಾಗ ನಕಲಿಯೆಂಬ ಗುರುತನ್ನು ಆಂಡ್ರಾಯ್ಡ್ ವ್ಯವಸ್ಥೆಯೇ ಹಾಜರಾತಿ ಆ್ಯಪ್‌ಗೆ ಕೊಡಬಲ್ಲದು.

ಕಾನೂನಿನಲ್ಲಿ ಮನೆಯಿಂದ ಕೆಲಸದ ಮಾತು ಎಲ್ಲೂ ಇಲ್ಲವೇ?

ಸ್ವಲ್ಪ ಇದೆ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿ, ಕೆಲಸದ ಸ್ವರೂಪ ಒಪ್ಪುವುದಾದರೆ ಹೆರಿಗೆ ರಜೆಯ ನಂತರ ಮನೆಯಿಂದ ಕೆಲಸ ಮಾಡಲು ಮಾಲೀಕರು ಅವಕಾಶ ಕೊಡಬಹುದು, ಎಷ್ಟು ದಿನ, ಹೇಗೆ ಎಂಬುದನ್ನು ಇಬ್ಬರೂ ಮಾತಾಡಿಕೊಳ್ಳಬಹುದು ಎಂದಿತು. ‘ಕೊಡಬಹುದು’ ಎಂದಿದೆ, ‘ಕೊಡಲೇಬೇಕು’ ಎಂದಿಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಸರ್ಕಾರಿ ಸಂಸ್ಥೆಗಳು ಅಂಗವಿಕಲ ನೌಕರರಿಗೆ ಸೂಕ್ತ ಹೊಂದಾಣಿಕೆ ಮಾಡಿಕೊಡಬೇಕು ಎನ್ನುತ್ತದೆ. ಅದನ್ನು ಆಧಾರವಾಗಿಟ್ಟು ಅರ್ಜಿ ಬರೆಯಬಹುದು.

ಉಳಿದವರು ಮಾಡಬಹುದಾದದ್ದು ಸಣ್ಣ ಕೆಲಸ. ಮೌಖಿಕ ಒಪ್ಪಿಗೆ ಸಿಕ್ಕ ದಿನವೇ ಮುಖ್ಯಸ್ಥರಿಗೆ ನಾಲ್ಕು ಸಾಲಿನ ಇಮೇಲ್ ಕಳಿಸಿ: ಯಾವ ದಿನ, ಯಾವ ಕೆಲಸ, ಯಾವ ಹೊತ್ತಿನಲ್ಲಿ ಫೋನಿಗೆ ಸಿಗುತ್ತೇನೆ, ಎಂದಿನವರೆಗೆ. ‘ಸರಿ’ ಎಂಬ ಒಂದು ಉತ್ತರ ಬಂದರೂ ಅದು ದಾಖಲೆ. ಉತ್ತರ ಬರೆಯಲು ಅವರು ಹಿಂಜರಿದರೆ, ಆ ಒಪ್ಪಿಗೆ ಎಷ್ಟು ಗಟ್ಟಿ ಎಂಬುದು ನಿಮಗೆ ಅಲ್ಲೇ ತಿಳಿಯುತ್ತದೆ. ಬೇರೆ ಊರಿನ ಪರೀಕ್ಷಾ ಕೆಲಸಕ್ಕೋ ಸಭೆಗೋ ಹೋಗುವುದಿದ್ದರೆ ಓಓಡಿ ಇದೆ, ಅದನ್ನು ಮನೆಯ ದಿನಕ್ಕೆ ಬಳಸುವಂತಿಲ್ಲ.

ಇನ್ನು ಹನುಮಸಾಗರದ ಹುಡುಗಿ. ಅವಳು ಹೊರಡುವ ಮೊದಲು ಕಚೇರಿಗೆ ಫೋನ್ ಮಾಡಿ, ಈ ಕೆಲಸ ನೋಡುವವರು ಯಾವ ದಿನ ಇರುತ್ತಾರೆ ಎಂದು ಕೇಳುವುದು ಒಳ್ಳೆಯದು. ಅರ್ಜಿಯನ್ನು ಬಾಯಿಮಾತಿನಲ್ಲಿ ಬಿಡದೆ ಆವಕ ವಿಭಾಗದಲ್ಲಿ ಕೊಟ್ಟು ಸೀಲು, ದಿನಾಂಕ ಹಾಕಿಸಿಕೊಂಡರೆ ಸಾಹೇಬರು ಎಲ್ಲಿಂದ ಕೆಲಸ ಮಾಡಿದರೂ ಅವಳ ಕಡತ ಅಲ್ಲೇ ಇರುತ್ತದೆ. ಸಿಬ್ಬಂದಿಯ ಹಾಜರಾತಿಗೆ ಯಾವ ಲಿಖಿತ ಆದೇಶವಿದೆ ಎಂದು ಯಾರಾದರೂ ತಿಳಿಯಬೇಕೆಂದರೆ, 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಬಹುದು. 30 ದಿನದೊಳಗೆ ಉತ್ತರ ಕೊಡಬೇಕು. ಆದೇಶವೇ ಇಲ್ಲದಿದ್ದರೆ ‘ಇಲ್ಲ’ ಎಂಬುದೂ ಉತ್ತರವೇ.